ಬಾಯ್ಕಾಟ್ ಎಂಬ ಆಸಾಮಿ

ಚುನಾವಣೆ ಹತ್ತಿರ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದು ಬಗೆಯ ಸುದ್ದಿ ತಪ್ಪುವುದಿಲ್ಲ. ಊರಿಗೆ ರಸ್ತೆ ಆಗಿಲ್ಲ, ಹಳ್ಳಕ್ಕೆ ಸೇತುವೆ ಇಲ್ಲ, ಆದ್ದರಿಂದ ಈ ಸಲ ಮತದಾನಕ್ಕೆ ಬಹಿಷ್ಕಾರ ಎಂದು ಗ್ರಾಮಸ್ಥರು ಬ್ಯಾನರು ಕಟ್ಟಿರುತ್ತಾರೆ. ಇನ್ನೊಂದು ಪುಟದಲ್ಲಿ ವಕೀಲರು ನ್ಯಾಯಾಲಯದ ಕಲಾಪ ಬಹಿಷ್ಕರಿಸಿರುತ್ತಾರೆ, ವಿದ್ಯಾರ್ಥಿಗಳು ತರಗತಿ ಬಹಿಷ್ಕರಿಸಿರುತ್ತಾರೆ. ಅಚ್ಚಿನಲ್ಲಿ ‘ಬಹಿಷ್ಕಾರ’ವಾದದ್ದು ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ ‘ಬಾಯ್ಕಾಟ್ ಮಾಡಿದ್ರಂತೆ’ ಆಗುತ್ತದೆ. ಸಿನಿಮಾ ಬಾಯ್ಕಾಟ್, ಸೋಪು ಬಾಯ್ಕಾಟ್, ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರಿಂದ ಊಟದ ಬಾಯ್ಕಾಟ್.

ಇಷ್ಟು ಸಲೀಸಾಗಿ ಓಡಾಡುವ ಈ ಇಂಗ್ಲಿಷ್ ಪದದ ಬೇರು ಹುಡುಕಲು ಲ್ಯಾಟಿನ್, ಗ್ರೀಕ್ ಎಂದು ಹೊರಡಬೇಕಾಗಿಲ್ಲ. ಅದು ಒಬ್ಬ ಮನುಷ್ಯನ ಅಡ್ಡಹೆಸರು. 1880ರ ಆಗಸ್ಟಿನವರೆಗೂ ಅದು ಬರೀ ಹೆಸರಾಗಿತ್ತು; ಆ ವರ್ಷದ ಡಿಸೆಂಬರ್ ಹೊತ್ತಿಗೆ ಕ್ರಿಯಾಪದವಾಗಿತ್ತು. ಡೀಸೆಲ್ ಎಂಬ ಹೆಸರು ಎಂಜಿನ್ ಕಂಡುಹಿಡಿದವನಿಂದ ಬಂತು, ವ್ಯಾಟ್ ಎಂಬ ಅಳತೆ ಹಬೆಯಂತ್ರವನ್ನು ಸುಧಾರಿಸಿದವನಿಂದ ಬಂತು. ಬಾಯ್ಕಾಟ್ ಮಾತ್ರ ಏನನ್ನೂ ಕಂಡುಹಿಡಿಯಲಿಲ್ಲ. ಅವನ ಮೇಲೆ ಪ್ರಯೋಗವಾದ ಅಸ್ತ್ರಕ್ಕೆ ಅವನದೇ ಹೆಸರು ಅಂಟಿಕೊಂಡಿತು, ಪ್ರಯೋಗಿಸಿದವರ ಹೆಸರು ಹಿಂದೆ ಸರಿಯಿತು.

ಚಾರ್ಲ್ಸ್ ಕನಿಂಗ್‌ಹ್ಯಾಮ್ ಬಾಯ್ಕಾಟ್ ಹುಟ್ಟಿದ್ದು 1832ರಲ್ಲಿ, ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದ ಬರ್ಗ್ ಸೇಂಟ್ ಪೀಟರ್ ಎಂಬ ಹಳ್ಳಿಯಲ್ಲಿ. ಮನೆತನದ ಹೆಸರು ಮೊದಲಿಗೆ ‘ಬಾಯ್‌ಕ್ಯಾಟ್’ ಎಂದಿತ್ತು. ಅವನು ಚಿಕ್ಕವನಿದ್ದಾಗ ಮನೆಯವರು ಒಂದಕ್ಷರ ತಿದ್ದಿಕೊಂಡರು. ತಿದ್ದಿಕೊಳ್ಳದೆ ಇದ್ದಿದ್ದರೆ ನಾವೆಲ್ಲ ಇವತ್ತು ಬಾಯ್‌ಕ್ಯಾಟ್ ಮಾಡುತ್ತಿದ್ದೆವು. ಸೈನ್ಯದ ಹುದ್ದೆಗಳನ್ನು ದುಡ್ಡು ಕೊಟ್ಟು ಕೊಳ್ಳುವ ಪದ್ಧತಿ ಆಗಿನ ಬ್ರಿಟನ್ನಿನಲ್ಲಿ ರಾಜಾರೋಷವಾಗಿಯೇ ಇತ್ತು. ಹಾಗೆ 39ನೇ ಪದಾತಿ ದಳದಲ್ಲಿ ಕಿರಿಯ ಅಧಿಕಾರಿಯ ಜಾಗ ಕೊಂಡ ಈ ತರುಣ ಐರ್ಲೆಂಡಿಗೆ ಬಂದ, ಕಾಯಿಲೆ ಬಿದ್ದ, ಎರಡು ಮೂರು ವರ್ಷಗಳೊಳಗೆ ಹುದ್ದೆಯನ್ನು ಮಾರಿ ಕೈತೊಳೆದುಕೊಂಡ. ಸೈನ್ಯದಲ್ಲಿ ಕ್ಯಾಪ್ಟನ್ ದರ್ಜೆಗೆ ಏರಲೇ ಇಲ್ಲ. ಆದರೂ ಊರವರ ಬಾಯಲ್ಲಿ ‘ಕ್ಯಾಪ್ಟನ್ ಬಾಯ್ಕಾಟ್’ ಎಂಬುದು ಗಟ್ಟಿಯಾಗಿ ನಿಂತಿತು.

ಅಲ್ಲಿನ ಹುಡುಗಿಯನ್ನೇ ಮದುವೆಯಾಗಿ, ಪಶ್ಚಿಮ ಕರಾವಳಿಯ ಆಕಿಲ್ ದ್ವೀಪದಲ್ಲಿ ಬಹಳ ವರ್ಷ ಜಮೀನು ಮಾಡಿಕೊಂಡಿದ್ದು, 1870ರ ದಶಕದ ಆರಂಭದಲ್ಲಿ ಅವನು ಮೇಯೊ ಜಿಲ್ಲೆಯ ಲಾಕ್ ಮಾಸ್ಕ್ ಸರೋವರದ ದಂಡೆಗೆ ಬಂದು ನೆಲೆಸಿದ. ಅಲ್ಲಿ ಸುಮಾರು 1,500 ಎಕರೆ ಜಮೀನು ಲಾರ್ಡ್ ಅರ್ನ್ ಎಂಬ ಧಣಿಯದು. ಧಣಿ ಇದ್ದದ್ದು ದೂರದ ಫರ್ಮಾನಾ ಜಿಲ್ಲೆಯ ಕೋಟೆಮನೆಯಲ್ಲಿ. ಅವನ ಒಟ್ಟು ಆಸ್ತಿ 40,000 ಎಕರೆಗೂ ಮೇಲೆ. ಗೇಣಿ ವಸೂಲಿ ಮಾಡಿ ಕಳಿಸುವುದು, ಕೊಡದವರನ್ನು ಒಕ್ಕಲೆಬ್ಬಿಸುವುದು ಪಾರುಪತ್ಯಗಾರ ಬಾಯ್ಕಾಟ್‌ನ ಕೆಲಸ. ಜೊತೆಗೆ ತಾನೂ ಒಂದಷ್ಟು ಜಮೀನನ್ನು ಗೇಣಿಗೆ ಹಿಡಿದು ಬೇಸಾಯ ಮಾಡುತ್ತಿದ್ದ. ಕುದುರೆ ಪಂದ್ಯದ ಷೋಕಿ ಇತ್ತು. ಗೇಟು ತೆರೆದಿಟ್ಟರೆ ದಂಡ, ಕೋಳಿ ಒಳಗೆ ಬಂದರೆ ದಂಡ ಎಂಬಂಥ ಸಣ್ಣ ಸಣ್ಣ ಕಿರುಕುಳಗಳಿಂದ ಒಕ್ಕಲುಗಳ ಕೆಂಗಣ್ಣಿಗೆ ಅವನು ಮೊದಲೇ ಗುರಿಯಾಗಿದ್ದ ಎನ್ನುತ್ತಾರೆ. ಕರಾವಳಿ, ಮಲೆನಾಡಿನಲ್ಲಿ ಗೇಣಿಯ ಕಾಲ ಕಂಡ ಹಿರಿಯರಿಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಐರ್ಲೆಂಡಿನಲ್ಲಿ 1845ರಿಂದ ಕೆಲವು ವರ್ಷ ಆಲೂಗಡ್ಡೆಗೆ ರೋಗ ಬಿದ್ದು ಸುಮಾರು 10 ಲಕ್ಷ ಜನ ಸತ್ತಿದ್ದರು. ಆ ನೆನಪು ಮಾಸುವ ಮುನ್ನವೇ 1879ರಲ್ಲಿ ಮಳೆ ಅತಿಯಾಗಿ ಬೆಳೆ ಮತ್ತೆ ಕೈಕೊಟ್ಟಿತು. ಆ ವರ್ಷದ ಅಕ್ಟೋಬರಿನಲ್ಲಿ ಮೇಯೊ ಜಿಲ್ಲೆಯ ಕ್ಯಾಸಲ್‌ಬಾರ್ ಪಟ್ಟಣದಲ್ಲಿ ‘ಲ್ಯಾಂಡ್ ಲೀಗ್’ ಎಂಬ ರೈತ ಸಂಘಟನೆ ಹುಟ್ಟಿತು. ಅದರ ಹಿಂದಿದ್ದವನು ಮೈಕೆಲ್ ಡಾವಿಟ್. ಇದೇ ಮೇಯೊದಲ್ಲಿ ಅವನ ನಾಲ್ಕನೇ ವಯಸ್ಸಿಗೆ ಅವನ ಮನೆಯವರನ್ನು ಒಕ್ಕಲೆಬ್ಬಿಸಲಾಗಿತ್ತು. ಇಂಗ್ಲೆಂಡಿಗೆ ವಲಸೆ ಹೋಗಿ ಹತ್ತಿಗಿರಣಿಯಲ್ಲಿ ದುಡಿಯುವಾಗ, ಹನ್ನೊಂದನೇ ವಯಸ್ಸಿನಲ್ಲಿ, ಯಂತ್ರಕ್ಕೆ ಸಿಕ್ಕಿ ಬಲಗೈ ಹೋಗಿತ್ತು. ಸಂಘಟನೆಯ ಅಧ್ಯಕ್ಷ ಚಾರ್ಲ್ಸ್ ಸ್ಟುವರ್ಟ್ ಪಾರ್ನೆಲ್, ಸ್ವತಃ ಭೂಮಾಲೀಕ, ಬ್ರಿಟಿಷ್ ಸಂಸತ್ತಿನ ಸದಸ್ಯ.

1880ರ ಸೆಪ್ಟೆಂಬರ್ 19ರಂದು ಎನ್ನಿಸ್ ಪಟ್ಟಣದ ಸಭೆಯಲ್ಲಿ ಪಾರ್ನೆಲ್ ಜನರನ್ನು ಒಂದು ಪ್ರಶ್ನೆ ಕೇಳಿದ. ಒಬ್ಬನನ್ನು ಒಕ್ಕಲೆಬ್ಬಿಸಿದ ಜಮೀನನ್ನು ಇನ್ನೊಬ್ಬ ಹೋಗಿ ಗೇಣಿಗೆ ಹಿಡಿದರೆ ಅವನಿಗೆ ಏನು ಮಾಡುತ್ತೀರಿ? ಗುಂಡು ಹೊಡೆಯಿರಿ ಎಂಬ ಕೂಗು ಎದ್ದಿತು. ಪಾರ್ನೆಲ್ ಅದಕ್ಕಿಂತ ಸೌಮ್ಯವಾದ, ಹೆಚ್ಚು ‘ಕ್ರೈಸ್ತ’ವಾದ ದಾರಿ ಇದೆ ಎಂದ. ರಸ್ತೆಯಲ್ಲಿ ಸಿಕ್ಕರೆ ಮಾತಾಡಬೇಡಿ, ಅಂಗಡಿಯಲ್ಲಿ, ಸಂತೆಯಲ್ಲಿ, ಚರ್ಚಿನಲ್ಲಿ ಕೂಡ ಅವನ ಪಕ್ಕ ನಿಲ್ಲಬೇಡಿ, ಹಿಂದಿನ ಕಾಲದ ಕುಷ್ಠರೋಗಿಯನ್ನು ನಡೆಸಿಕೊಂಡ ಹಾಗೆ ಒಂಟಿ ಮಾಡಿಬಿಡಿ. ಕುಷ್ಠರೋಗಿಗಳ ವಿಷಯದಲ್ಲಿ ಈ ಮಾತು ಎಷ್ಟು ಕ್ರೂರ ಎಂಬುದು ಆ ಸಭೆಯಲ್ಲಿ ಯಾರಿಗೂ ಹೊಳೆದ ಹಾಗಿಲ್ಲ.

ಮೂರೇ ದಿನಕ್ಕೆ ಲಾಕ್ ಮಾಸ್ಕ್‌ನಲ್ಲಿ ಪ್ರಯೋಗ ನಡೆಯಿತು. ಬೆಳೆ ಕಡಿಮೆಯಾದ್ದರಿಂದ ಗೇಣಿಯಲ್ಲಿ ಶೇ 10 ಬಿಡುವುದಾಗಿ ಧಣಿ ಹೇಳಿದ್ದ, ಒಕ್ಕಲುಗಳು ಶೇ 25 ಕೇಳಿದ್ದರು. ಮಾತು ಮುರಿದು ಸೆಪ್ಟೆಂಬರ್ 22ರಂದು ಕೋರ್ಟಿನ ಅಮೀನ ಪೊಲೀಸರ ಕಾವಲಿನಲ್ಲಿ ಒಕ್ಕಲೆಬ್ಬಿಸುವ ನೋಟಿಸು ಹಂಚಲು ಬಂದ. ಮೂರು ಮನೆಗೆ ಮುಟ್ಟಿಸುವಷ್ಟರಲ್ಲಿ ಹೆಂಗಸರು ಕಲ್ಲು, ಕೆಸರು, ಸಗಣಿಗೊಬ್ಬರ ಕೈಗೆತ್ತಿಕೊಂಡರು. ಅಮೀನನೂ ಪೊಲೀಸರೂ ಬಾಯ್ಕಾಟ್‌ನ ಮನೆಯೊಳಗೆ ಓಡಿ ತಪ್ಪಿಸಿಕೊಂಡರು. ಮಾರನೆಯ ದಿನ ಊರವರು ಗುಂಪಾಗಿ ಹೋಗಿ ಅವನ ಆಳುಕಾಳುಗಳನ್ನೆಲ್ಲ ಕೆಲಸ ಬಿಡಿಸಿದರು. ಸಂಜೆಯ ಹೊತ್ತಿಗೆ ಕುದುರೆಗೆ ಹುಲ್ಲು ಹಾಕುವವರಿಲ್ಲ, ಒಲೆ ಹಚ್ಚುವವರಿಲ್ಲ. ಕಮ್ಮಾರ ಲಾಳ ಹೊಡೆಯಲು ಒಲ್ಲೆ ಎಂದ, ಅಗಸಗಿತ್ತಿ ಬಟ್ಟೆ ಒಯ್ಯುವುದನ್ನು ನಿಲ್ಲಿಸಿದಳು, ಬ್ಯಾಲಿನ್‌ರೋಬ್ ಪೇಟೆಯ ಅಂಗಡಿಯವರು ಸಾಮಾನು ಕೊಡಲಿಲ್ಲ. ಟಪಾಲು ಚೀಲ ಹೊರುತ್ತಿದ್ದ ಹನ್ನೆರಡು ವರ್ಷದ ಹುಡುಗನನ್ನು ದಾರಿಯಲ್ಲಿ ತಡೆದು ಹೊಡೆದು ಹೆದರಿಸಿದರು. ಬೇಲಿ ಮುರಿದು ದನಗಳನ್ನು ರಸ್ತೆಗೆ ಅಟ್ಟಿದರು. ಅಹಿಂಸೆಯ ಅಸ್ತ್ರ ಎಂದು ಇದನ್ನು ಹೊಗಳುವವರು ಟಪಾಲಿನ ಹುಡುಗನನ್ನು ಮರೆಯಬಾರದು. ಈ ವಿವರಗಳನ್ನು ಬಾಯ್ಕಾಟ್ ಅಕ್ಟೋಬರಿನಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ತಾನೇ ಬರೆದು ಕಳಿಸಿದ. ಒಂದು ಮೂಲೆಯ ಜಗಳ ಸಾಮ್ರಾಜ್ಯದ ಸುದ್ದಿಯಾದದ್ದು ಆ ಪತ್ರದಿಂದ.

ಪದ ಹುಟ್ಟಿದ್ದು ಊಟದ ಮೇಜಿನಲ್ಲಿ. ಅಮೆರಿಕದ ಪತ್ರಕರ್ತ ಜೇಮ್ಸ್ ರೆಡ್‌ಪಾತ್ ಸುದ್ದಿ ಮಾಡಲು ಮೇಯೊಗೆ ಬಂದಿದ್ದ. ಊರಿನ ಚರ್ಚಿನ ಪಾದ್ರಿ ಜಾನ್ ಒಮ್ಯಾಲಿ ರೈತರ ಮುಂದಾಳು. ರೆಡ್‌ಪಾತ್ ಮುಂದೆ ಬರೆದ ಪ್ರಕಾರ, ಊಟದ ನಡುವೆ ಅವನು ಒಂದು ಪದಕ್ಕಾಗಿ ತಡಕಾಡುತ್ತಿದ್ದ. ಒಕ್ಕಲೆಬ್ಬಿಸಿದ ಜಮೀನು ಹಿಡಿದವನಿಗೆ ಜನ ಮಾಡುವುದನ್ನು ಸಾಮಾಜಿಕ ಧರ್ಮಬಹಿಷ್ಕಾರ ಎನ್ನಬಹುದು. ಆದರೆ ಧಣಿಗೋ ಅವನ ಪಾರುಪತ್ಯಗಾರನಿಗೋ ಮಾಡಿದರೆ ಏನೆನ್ನುವುದು? ಇಂಗ್ಲಿಷಿನಲ್ಲಿ ‘ಆಸ್ಟ್ರಸಿಸಮ್’ ಎಂಬ ಗ್ರೀಕ್ ಮೂಲದ ಪದವಿತ್ತು. ಅದು ಹಳ್ಳಿಯವರಿಗೆ ಅರ್ಥವಾಗಲಿಕ್ಕಿಲ್ಲ. ಪಾದ್ರಿ ತಲೆ ತಗ್ಗಿಸಿ, ತನ್ನ ಅಗಲ ಹಣೆಯನ್ನು ಬೆರಳಿನಿಂದ ತಟ್ಟಿಕೊಂಡು, ‘ಅವನಿಗೆ ಬಾಯ್ಕಾಟ್ ಮಾಡುವುದು’ ಎಂದರೆ ಹೇಗೆ ಎಂದನಂತೆ. ರೆಡ್‌ಪಾತ್ ಖುಷಿಯಿಂದ ಅದನ್ನು ಎತ್ತಿಕೊಂಡ. ಅಕ್ಟೋಬರ್ ತಿಂಗಳಲ್ಲಿ ಷಿಕಾಗೊದ ಪತ್ರಿಕೆಯೊಂದರಲ್ಲಿ ಅವನ ವರದಿಯ ಮೂಲಕ ಪದ ಅಚ್ಚಾಯಿತು.

ಗ್ರೀಕ್ ಪದದ್ದೂ ಒಂದು ಸ್ವಾರಸ್ಯದ ಕಥೆ. ಪ್ರಾಚೀನ ಅಥೆನ್ಸ್‌ನಲ್ಲಿ ಯಾರಾದರೂ ವಿಪರೀತ ಬಲಿತು ಅಪಾಯಕಾರಿಯಾಗುತ್ತಿದ್ದಾರೆ ಎನಿಸಿದರೆ ಪ್ರಜೆಗಳು ಮಡಕೆಯ ಚೂರಿನ ಮೇಲೆ ಅವರ ಹೆಸರು ಗೀಚಿ ಹಾಕುತ್ತಿದ್ದರು. ಮತ ಸಾಕಷ್ಟು ಬಿದ್ದರೆ ಹತ್ತು ವರ್ಷ ಗಡೀಪಾರು. ಮಡಕೆ ಚೂರಿನ ಗ್ರೀಕ್ ಹೆಸರು ‘ಆಸ್ಟ್ರಕಾನ್’. ನಮ್ಮಲ್ಲಿ ಜಾತಿಯಿಂದ ಹೊರಹಾಕಿದ ಹೆಂಗಸು ಬದುಕಿರುವಾಗಲೇ ಮಡಕೆಯೊಂದನ್ನು ಅವಳ ಪ್ರತೀಕವಾಗಿಟ್ಟು ಒಡೆದು ಶ್ರಾದ್ಧ ಮುಗಿಸುವ ‘ಘಟಶ್ರಾದ್ಧ’ ಇತ್ತು. ಯು.ಆರ್. ಅನಂತಮೂರ್ತಿಯವರ ಕಥೆ, ಅದನ್ನು ಆಧರಿಸಿ 1977ರಲ್ಲಿ ಗಿರೀಶ್ ಕಾಸರವಳ್ಳಿ ಮಾಡಿದ ಸಿನಿಮಾ ಕನ್ನಡಿಗರಿಗೆ ಗೊತ್ತು. ಎರಡು ಕಡೆಯೂ ಮಡಕೆಯೇ. ಆದರೆ ಅಥೆನ್ಸ್‌ನಲ್ಲಿ ಹೊರಗೆ ಹೋಗುತ್ತಿದ್ದವನು ಬಲಶಾಲಿ, ಇಲ್ಲಿ ಹೋಗುತ್ತಿದ್ದವಳು ದಿಕ್ಕಿಲ್ಲದ ವಿಧವೆ.

ಮತ್ತೆ ಮೇಯೊಗೆ. ಹೊಲದಲ್ಲಿ ಟರ್ನಿಪ್, ಆಲೂಗಡ್ಡೆ, ಧಾನ್ಯ ಕಟಾವಿಗೆ ಬಂದು ಕೊಳೆಯುತ್ತಿತ್ತು. ಉತ್ತರದ ಕ್ಯಾವನ್, ಮೊನಹನ್ ಜಿಲ್ಲೆಗಳ ಪ್ರಾಟೆಸ್ಟೆಂಟರು ಇದನ್ನು ಮಾನದ ಪ್ರಶ್ನೆ ಮಾಡಿಕೊಂಡು 50 ಜನ ಸ್ವಯಂಸೇವಕರನ್ನು ಕೊಯ್ಲಿಗೆ ಕಳಿಸಿದರು. ಅವರ ಕಾವಲಿಗೆ ಸರ್ಕಾರ ಸುಮಾರು ಸಾವಿರ ಸೈನಿಕರನ್ನೂ ಪೊಲೀಸರನ್ನೂ ಕಳಿಸಿತು. ನವೆಂಬರಿನ ಮಳೆಯಲ್ಲಿ ರೈಲು ಇಳಿದವರಿಗೆ ಒಬ್ಬ ಗಾಡಿಯವನೂ ಗಾಡಿ ಕಟ್ಟಲಿಲ್ಲ. ನೆನೆಯುತ್ತಾ ನಡೆದೇ ಬಂದರು. ಸೈನಿಕರು ಬಾಯ್ಕಾಟ್‌ನ ಹುಲ್ಲುಹಾಸಿನ ಮೇಲೆಯೇ ಡೇರೆ ಹೊಡೆದು, ಅವನ ಮರಗಳನ್ನು ಕಡಿದು ಬೆಂಕಿ ಕಾಸಿಕೊಂಡು, ಅವನ ಕುರಿಗಳನ್ನು ಕಡಿದು ತಿಂದರು. ಎರಡು ವಾರದಲ್ಲಿ ಕೊಯ್ಲು ಮುಗಿಯಿತು. ಸುಮಾರು 500 ಪೌಂಡ್ ಬೆಲೆಯ ಬೆಳೆ ಉಳಿಸಲು ತಗುಲಿದ ವೆಚ್ಚ ಸುಮಾರು 10,000 ಪೌಂಡ್. ಕಿತ್ತ ಒಂದೊಂದು ಟರ್ನಿಪ್‌ಗೆ ಒಂದೊಂದು ಷಿಲಿಂಗ್ ಬಿತ್ತು ಎಂದು ಪಾರ್ನೆಲ್ ಲೇವಡಿ ಮಾಡಿದ.

ಸೈನ್ಯ ಬರುವಾಗ, ಹೋಗುವಾಗ ಒಬ್ಬರೂ ದಾರಿಗೆ ಅಡ್ಡ ಬರಬಾರದು, ಗಲಾಟೆ ಆಗಕೂಡದು ಎಂದು ಪಾದ್ರಿ ಒಮ್ಯಾಲಿ ಜನರಿಗೆ ತಾಕೀತು ಮಾಡಿದ್ದ. ಹೊರಡುವ ದಿನ ಬರಿದಾದ ರಸ್ತೆಯ ಬದಿಯಲ್ಲಿ ಒಬ್ಬ ಮುದುಕಿ ಮಾತ್ರ ಗೋಡೆಗೊರಗಿ ನಿಂತಿದ್ದಳಂತೆ. ಪಾದ್ರಿ ಕೊಡೆ ಆಡಿಸುತ್ತಾ ಅವಳನ್ನು ಗದರಿದ: ಮಹಾರಾಣಿಯವರ ಸೈನ್ಯವನ್ನು ಹೆದರಿಸಬೇಡ ಅಂತ ನಿನಗೆ ಹೇಳಿರಲಿಲ್ಲವೇ?

ಊರು ಬಿಟ್ಟು ಹೊರಟ ಬಾಯ್ಕಾಟ್ ಕುಟುಂಬವನ್ನು ರೈಲ್ವೆ ನಿಲ್ದಾಣಕ್ಕೆ ಒಯ್ಯಲು ಗಾಡಿ ಓಡಿಸುವವರು ಸಿಗದೆ ಸೈನ್ಯದ ಆಂಬುಲೆನ್ಸ್ ಗಾಡಿ ತರಿಸಬೇಕಾಯಿತು. ಡಬ್ಲಿನ್ನಿನಲ್ಲಿ ಇಳಿದುಕೊಂಡ ಹೋಟೆಲಿನ ಮಾಲೀಕನಿಗೆ ಬೆದರಿಕೆ ಪತ್ರ ಬಂತು: ಈ ಅತಿಥಿಯನ್ನು ಇಟ್ಟುಕೊಂಡರೆ ನಿನಗೂ ಬಾಯ್ಕಾಟ್. ಡಿಸೆಂಬರ್ 1ರಂದು ಅವರು ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಮಾರನೆಯ ವರ್ಷವೇ ಅವನು ಲಾಕ್ ಮಾಸ್ಕ್‌ಗೆ ವಾಪಸಾಗಿ 1886ರವರೆಗೆ ಅಲ್ಲೇ ಕೆಲಸ ಮಾಡಿಕೊಂಡಿದ್ದ. ಆಮೇಲೆ ಇಂಗ್ಲೆಂಡಿನ ಸಫೋಕ್‌ನಲ್ಲಿ ಇನ್ನೊಬ್ಬ ಧಣಿಯ ಪಾರುಪತ್ಯ ಹಿಡಿದ. 1897ರಲ್ಲಿ ತೀರಿಕೊಳ್ಳುವಷ್ಟರಲ್ಲಿ ಅವನ ಹೆಸರು ಅವನ ಕೈ ತಪ್ಪಿ ಹೋಗಿತ್ತು. ದೊಡ್ಡಕ್ಷರದ ‘ಬಿ’ಯಿಂದ, ಉದ್ಧರಣ ಚಿಹ್ನೆಗಳ ನಡುವೆ ಬರೆಯುತ್ತಿದ್ದ ಪದ ಕೆಲವೇ ವರ್ಷಗಳಲ್ಲಿ ಸಣ್ಣಕ್ಷರಕ್ಕಿಳಿದು ಮಾಮೂಲಿ ಇಂಗ್ಲಿಷ್ ಆಯಿತು. ಫ್ರೆಂಚ್, ಜರ್ಮನ್, ರಷ್ಯನ್, ಸ್ಪ್ಯಾನಿಷ್ ಭಾಷೆಗಳು ಅನುವಾದಿಸುವ ಗೋಜಿಗೆ ಹೋಗದೆ ಹಾಗೆಯೇ ಎತ್ತಿಕೊಂಡವು. ಜಪಾನಿನವರು ‘ಬೊಯಿಕೊಟ್ಟೊ’ ಮಾಡಿಕೊಂಡರು. ಇಂಗ್ಲಿಷರ ಕಿವಿಗೆ ಪದದ ಮೊದಲರ್ಧ ‘ಹುಡುಗ’ ಎಂದು ಕೇಳಿಸುವುದರಿಂದ ಹೆಂಗಸರ ಬಾಯ್ಕಾಟಿಗೆ ‘ಗರ್ಲ್‌ಕಾಟ್’ ಎಂಬ ಹುಡುಗಾಟದ ಪದವೂ, ಬೇಕೆಂದೇ ಹೋಗಿ ಕೊಳ್ಳುವುದಕ್ಕೆ ‘ಬೈಕಾಟ್’ ಎಂಬುದೂ ಹುಟ್ಟಿಕೊಂಡವು.

ಪದವಿಲ್ಲದಾಗಲೂ ಕೆಲಸ ನಡೆದೇ ಇತ್ತು. ಗುಲಾಮರ ಬೆವರಿನ ಸಕ್ಕರೆ ಬೇಡ ಎಂದು 1791ರ ಸುಮಾರಿಗೇ ಬ್ರಿಟನ್ನಿನ ಸಾವಿರಾರು ಮನೆಗಳು ವೆಸ್ಟ್ ಇಂಡೀಸ್ ಸಕ್ಕರೆ ಬಿಟ್ಟಿದ್ದವು. ಹೆಸರು ಸಿಕ್ಕಿದ ಮೇಲೆ ಅದು ಒಂದು ದೇಶದಿಂದ ಇನ್ನೊಂದಕ್ಕೆ ಸಾಗಿಸಬಹುದಾದ ಸರಕಾಯಿತು. 1905ರಲ್ಲಿ ಚೀನೀಯರು ತಮ್ಮವರನ್ನು ಒಳಬಿಡದ ಅಮೆರಿಕದ ಸರಕುಗಳನ್ನು ಬಿಟ್ಟರು. ಅದೇ ವರ್ಷದ ಆಗಸ್ಟ್ 7ರಂದು, ಬಂಗಾಳದ ವಿಭಜನೆಯ ವಿರುದ್ಧ ಕಲ್ಕತ್ತೆಯ ಟೌನ್‌ಹಾಲಿನಲ್ಲಿ ಸೇರಿದ ಸಭೆ ಬ್ರಿಟಿಷ್ ಸರಕುಗಳ ಬಾಯ್ಕಾಟಿಗೆ ಠರಾವು ಮಾಡಿತು. ಮರುವರ್ಷದ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವರಾಜ್ಯ, ಸ್ವದೇಶಿ, ರಾಷ್ಟ್ರೀಯ ಶಿಕ್ಷಣಗಳ ಜೊತೆಗೆ ಬಾಯ್ಕಾಟ್ ಕೂಡ ಬಂದು ಕುಳಿತಿತು. ‘ಸ್ವದೇಶಿ’ ಎಂದರೆ ತಲೆದೂಗುತ್ತಿದ್ದ ಮಂದಗಾಮಿಗಳು ಈ ಐರಿಷ್ ಪದ ಕೇಳಿದರೆ ಮುಖ ಸಿಂಡರಿಸುತ್ತಿದ್ದರು. ಅದರಲ್ಲಿ ದ್ವೇಷದ ವಾಸನೆ ಅವರಿಗೆ. 1907ರಲ್ಲಿ ಸೂರತ್ತಿನಲ್ಲಿ ಕಾಂಗ್ರೆಸ್ ಒಡೆದದ್ದಕ್ಕೆ ಇದ್ದ ಕಾರಣಗಳಲ್ಲಿ ಬಾಯ್ಕಾಟ್ ಎಷ್ಟರ ಮಟ್ಟಿಗೆ ಎಂಬ ತಕರಾರೂ ಒಂದು.

ಗಾಂಧೀಜಿ ಅಸಹಕಾರ ಚಳವಳಿಯಲ್ಲಿ ಶಾಲೆ, ಕೋರ್ಟು, ಶಾಸನಸಭೆ, ವಿದೇಶಿ ಬಟ್ಟೆ ಎಲ್ಲದರ ಬಹಿಷ್ಕಾರಕ್ಕೆ ಕರೆ ಕೊಟ್ಟರು. ಆದರೆ ಮನುಷ್ಯರ ಬಹಿಷ್ಕಾರ ಬಂದಾಗ ಗೆರೆ ಎಳೆದರು. ಒಬ್ಬನ ಮನೆಯ ಊಟ, ಸಮಾರಂಭ ಬಿಡಬಹುದು. ಅವನಿಗೆ ವೈದ್ಯರನ್ನು, ಬಾವಿ ನೀರನ್ನು ತಪ್ಪಿಸಿದರೆ ಅದು ಹಿಂಸೆಯೇ ಎಂದು ‘ಯಂಗ್ ಇಂಡಿಯಾ’ದಲ್ಲಿ ಬರೆದರು. ಧಾರವಾಡದಲ್ಲಿ ಹೆಂಡದಂಗಡಿ ಪಿಕೆಟಿಂಗ್ ನಡೆಯುತ್ತಿದ್ದಾಗ 1921ರ ಜುಲೈ 1ರಂದು ಪೊಲೀಸರ ಗುಂಡಿಗೆ ಮೂವರು ಬಲಿಯಾದದ್ದು ಇದೇ ಕಾಲದ ಕಥೆ.

ಲಾಕ್ ಮಾಸ್ಕ್‌ಗೆ ತೀರಾ ಹತ್ತಿರದ ಕಥೆ ನಮ್ಮಲ್ಲಿ ಸಿಗುವುದು ಉತ್ತರ ಕನ್ನಡದಲ್ಲಿ. 1932ರ ಕರನಿರಾಕರಣೆಯಲ್ಲಿ ಅಂಕೋಲಾ, ಸಿದ್ದಾಪುರದ ರೈತರು ಕಂದಾಯ ಕಟ್ಟಲು ಒಲ್ಲೆವೆಂದರು. ಸರ್ಕಾರ ಜಮೀನು, ಪಾತ್ರೆಪಗಡ ಜಪ್ತಿ ಮಾಡಿ ಹರಾಜಿಗೆ ಇಟ್ಟಿತು. ಹರಾಜು ಹಿಡಿಯುವವರು ಇದ್ದರಷ್ಟೇ ಸರ್ಕಾರದ ಆಟ ನಡೆಯುವುದು, ಒಕ್ಕಲೆಬ್ಬಿಸಿದ ಜಮೀನನ್ನು ಹಿಡಿಯುವವನಿದ್ದರಷ್ಟೇ ಐರಿಷ್ ಧಣಿಯ ಆಟ ನಡೆದ ಹಾಗೆ. ಹೀಗಾಗಿ ಜನರ ಸಿಟ್ಟು ತಿರುಗಿದ್ದು ಹರಾಜಿನಲ್ಲಿ ಕೊಂಡವರ ಕಡೆಗೆ. ಅಲ್ಲಿ ಹೆಂಗಸರು ಹಿಡಿದ ದಾರಿ ಮಾತ್ರ ಮೇಯೊದ ಹೆಂಗಸರದಲ್ಲ: ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿಯಲ್ಲಿ ಅವರು ಕೊಂಡವರ ಮನೆ ಮುಂದೆ ಉಪವಾಸ ಕುಳಿತರು. ಜಮೀನು ಕಳೆದುಕೊಂಡವರಿಗೆ ಅದು ವಾಪಸು ಬರಲು ಮುಂಬಯಿ ಪ್ರಾಂತ್ಯದಲ್ಲಿ ಕಾಂಗ್ರೆಸ್ ಸರ್ಕಾರ ಬರಬೇಕಾಯಿತು.

ಆಟದ ಬಯಲಿನಲ್ಲೂ ಈ ಪದದ ದರ್ಬಾರು ಕಡಿಮೆಯಲ್ಲ. ವರ್ಣಭೇದದ ದಕ್ಷಿಣ ಆಫ್ರಿಕಾದ ಜೊತೆ ಭಾರತ 1946ರಲ್ಲೇ ವ್ಯಾಪಾರ ನಿಲ್ಲಿಸಿತ್ತು. 1974ರಲ್ಲಿ ಡೇವಿಸ್ ಕಪ್ ಟೆನಿಸ್ ಫೈನಲಿಗೆ ಭಾರತ ತಲುಪಿದಾಗ ಎದುರಾಳಿಯಾಗಿ ಸಿಕ್ಕಿದ್ದು ಅದೇ ದಕ್ಷಿಣ ಆಫ್ರಿಕಾ. ಅಮೃತರಾಜ್ ಸಹೋದರರ ತಂಡಕ್ಕೆ ಗೆಲ್ಲುವ ಒಳ್ಳೆಯ ಅವಕಾಶವಿತ್ತು. ಭಾರತ ಆಡಲಿಲ್ಲ, ಕಪ್ ಎದುರಾಳಿಗೆ ಹೋಯಿತು. ಇದಕ್ಕೆ ತದ್ವಿರುದ್ಧವಾಗಿ, ಬೇರೆಯವರ ಬಾಯ್ಕಾಟಿನಿಂದ ಭಾರತಕ್ಕೆ ಲಾಭವಾದದ್ದು 1980ರ ಮಾಸ್ಕೊ ಒಲಿಂಪಿಕ್ಸ್‌ನಲ್ಲಿ. ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೈನ್ಯ ನುಗ್ಗಿದ್ದನ್ನು ಪ್ರತಿಭಟಿಸಿ ಅಮೆರಿಕ ಮತ್ತು ಅದರ ಜೊತೆಗಾರ ದೇಶಗಳು ದೂರ ಉಳಿದವು. ಹಾಕಿಯಲ್ಲಿ ಪಶ್ಚಿಮ ಜರ್ಮನಿ, ಹಾಲೆಂಡ್, ಪಾಕಿಸ್ತಾನ, ಆಸ್ಟ್ರೇಲಿಯಗಳಂಥ ತಂಡಗಳೇ ಇರಲಿಲ್ಲ. ಭಾರತ ಚಿನ್ನ ಗೆದ್ದಿತು. ಕೊಡಗಿನ ಎಂ.ಎಂ. ಸೋಮಯ್ಯ ಆ ತಂಡದಲ್ಲಿದ್ದರು. ಕ್ರಿಕೆಟ್ ಪ್ರಿಯರಿಗೆ ಬಾಯ್ಕಾಟ್ ಎಂದರೆ ಮೊದಲು ನೆನಪಾಗುವುದು ಇಂಗ್ಲೆಂಡಿನ ಆರಂಭ ಆಟಗಾರ ಜೆಫ್ರಿ ಬಾಯ್ಕಾಟ್, 108 ಟೆಸ್ಟ್‌ಗಳಲ್ಲಿ 8,114 ರನ್ನು ಕುಟ್ಟಿದವರು. ದಕ್ಷಿಣ ಆಫ್ರಿಕಾಕ್ಕೆ ಜಗತ್ತು ಬಾಯ್ಕಾಟ್ ಹಾಕಿದ್ದಾಗ 1982ರಲ್ಲಿ ಬಂಡಾಯ ತಂಡದೊಂದಿಗೆ ಅಲ್ಲಿಗೆ ಹೋಗಿ ಮೂರು ವರ್ಷದ ನಿಷೇಧ ಹೊತ್ತರು. ಈ ಹೆಸರಿಟ್ಟುಕೊಂಡು ಆ ಕೆಲಸ ಮಾಡಬಹುದಾದವರು ಜಗತ್ತಿನಲ್ಲಿ ಅವರೊಬ್ಬರೇ ಇದ್ದರೇನೋ.

ಅಮೆರಿಕದ ಮಾಂಟ್‌ಗೋಮರಿಯಲ್ಲಿ 1955ರ ಡಿಸೆಂಬರಿನಿಂದ 381 ದಿನ ಕಪ್ಪು ಜನ ಸಿಟಿ ಬಸ್ಸು ಹತ್ತದೆ ನಡೆದೇ ಓಡಾಡಿದರು. ಆ ಚಳವಳಿಯ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಶುರುವಿನಲ್ಲೇ ಒಂದು ಕಸಿವಿಸಿ ಕಾಡಿತ್ತು. ಸಮಾನತೆ ಕೇಳಿದ ಕರಿಯರಿಗೆ ಕೆಲಸ, ಸಾಲ ಸಿಗದಂತೆ ಮಾಡಲು ಬಿಳಿಯರ ಸಂಘಗಳು ಬಳಸುತ್ತಿದ್ದದ್ದೂ ಬಾಯ್ಕಾಟನ್ನೇ. ತಾವು ಮಾಡುತ್ತಿರುವುದೂ ಅದನ್ನೇನಾ? ಕೆಟ್ಟ ವ್ಯವಸ್ಥೆಗೆ ಕೊಟ್ಟ ಸಹಕಾರವನ್ನು ಹಿಂತೆಗೆದುಕೊಳ್ಳುವುದು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಅವರು ಮುಂದೆ ಹೋದರು.

ಕಿಂಗ್ ಅವರನ್ನು ಕಾಡಿದ ಈ ಪ್ರಶ್ನೆಯ ಇನ್ನೊಂದು ಮಗ್ಗುಲನ್ನು ಬಿ.ಆರ್. ಅಂಬೇಡ್ಕರ್ ಸ್ವತಃ ಕಂಡಿದ್ದರು. 1927ರ ಮಾರ್ಚಿನಲ್ಲಿ ಮಹಾಡದ ಚವದಾರ್ ಕೆರೆಯ ನೀರು ಕುಡಿದ ದಲಿತರ ಮೇಲೆ ಹಲ್ಲೆಯಾಯಿತು. ಮರುತಿಂಗಳು ಏಪ್ರಿಲಿನಲ್ಲಿ ಅಂಬೇಡ್ಕರ್ ಆರಂಭಿಸಿದ ಮರಾಠಿ ಪತ್ರಿಕೆಯ ಹೆಸರೇ ‘ಬಹಿಷ್ಕೃತ ಭಾರತ’. ದಮನಿತ ವರ್ಗಗಳ ಸ್ಥಿತಿಗತಿ ತಿಳಿಯಲು ಮುಂಬಯಿ ಸರ್ಕಾರ ನೇಮಿಸಿದ ಸಮಿತಿಯಲ್ಲಿ ಅಂಬೇಡ್ಕರ್ ಸದಸ್ಯರಾಗಿದ್ದರು. ಹಕ್ಕು ಕೇಳಿದವರಿಗೆ ಹಳ್ಳಿಯಲ್ಲಿ ದಾರಿ ಬಂದ್, ಕೂಲಿ ಬಂದ್, ಅಂಗಡಿಯ ಸಾಮಾನು ಬಂದ್ ಎಂಬುದನ್ನು ಆ ಸಮಿತಿ 1930ರಲ್ಲಿ ದಾಖಲಿಸಿತು. ಪಟ್ಟಿ ಓದಿದರೆ ಲಾಕ್ ಮಾಸ್ಕ್ ಮನೆಯ ಪಾಡೇ. ಒಂದೇ ವ್ಯತ್ಯಾಸ: ಬಾಯ್ಕಾಟ್‌ನ ಬೆನ್ನಿಗೆ ಸಾವಿರ ಸೈನಿಕರು ಬಂದರು, ಇವರ ಬೆನ್ನಿಗೆ ಒಬ್ಬ ಪೇದೆಯೂ ಬರುವ ಖಾತರಿ ಇರಲಿಲ್ಲ. ದುಂಡುಮೇಜಿನ ಪರಿಷತ್ತಿನಲ್ಲಿ ಅಂಬೇಡ್ಕರ್ ಮುಂದಿಟ್ಟ ರಕ್ಷಣೆಗಳ ಯೋಜನೆಯಲ್ಲಿ ಬಾಯ್ಕಾಟ್ ಮಾಡುವುದು, ಅದಕ್ಕೆ ಕುಮ್ಮಕ್ಕು ಕೊಡುವುದು ಅಪರಾಧವಾಗಬೇಕು ಎಂಬ ಕಲಮುಗಳಿದ್ದವು. ಅವನ್ನು ಅವರು ಎತ್ತಿಕೊಂಡದ್ದು ಬರ್ಮಾದ 1922ರ ಬಾಯ್ಕಾಟ್ ವಿರೋಧಿ ಕಾಯ್ದೆಯಿಂದ. ಬ್ರಿಟಿಷ್ ಆಡಳಿತ ತನ್ನ ವಿರುದ್ಧದ ಚಳವಳಿ ಹತ್ತಿಕ್ಕಲು ಮಾಡಿಕೊಂಡಿದ್ದ ಕಾನೂನಿನ ಮಾತುಗಳನ್ನು ಊರಿನ ದಬ್ಬಾಳಿಕೆಯ ಮೇಲೆ ತಿರುಗಿಸಿದ್ದು ಅಂಬೇಡ್ಕರರ ಜಾಣ್ಮೆ.

ಕನ್ನಡದ ‘ಬಹಿಷ್ಕಾರ’ ಹೀಗೆ ಎರಡು ಹೊರೆ ಹೊತ್ತ ಪದ. ಜಾತಿಯಿಂದ, ಮಠದಿಂದ, ಊರಿನಿಂದ ಹೊರಗಿಡುವುದು ಅದರ ಹಳೆಯ ಅರ್ಥ, ಮೇಲಿನವರು ಕೆಳಗಿನವರಿಗೆ ಕೊಡುವ ಶಿಕ್ಷೆ. ಸ್ವದೇಶಿ ಚಳವಳಿಯ ಕಾಲಕ್ಕೆ ಬಾಯ್ಕಾಟಿಗೆ ದೇಶಿ ಪದ ಬೇಕಾದಾಗ ಇದನ್ನೇ ಎಳೆದು ತಂದರು. ಕೆಳಗಿನವರು ಮೇಲಿನವರಿಗೆ ಕೊಡುವ ಪೆಟ್ಟಿಗೂ ಅದೇ ಹೆಸರಾಯಿತು. 2023ರ ಏಪ್ರಿಲಿನಲ್ಲಿ ಗುಜರಾತಿನ ಅಮುಲ್ ಬೆಂಗಳೂರಿನಲ್ಲಿ ಆನ್‌ಲೈನಿನಲ್ಲಿ ಹಾಲು ಮಾರುವುದಾಗಿ ಪ್ರಕಟಿಸಿದಾಗ ಮೊಬೈಲುಗಳಲ್ಲಿ ಬಾಯ್ಕಾಟಿನ ಕೂಗು ಎದ್ದಿತು, ನಗರದ ಹೋಟೆಲು ಮಾಲೀಕರ ಸಂಘ ನಂದಿನಿಯನ್ನಷ್ಟೇ ಬಳಸುತ್ತೇವೆ ಎಂದಿತು. ಇಂಥ ಸಂದರ್ಭದಲ್ಲಿ ಜನ ಸಾಮಾನ್ಯವಾಗಿ ‘ಬಾಯ್ಕಾಟ್’ ಎನ್ನುತ್ತಾರೆ. ಒಂದು ಕುಟುಂಬಕ್ಕೆ ಊರು ಅಂಗಡಿ, ನಲ್ಲಿ, ಕ್ಷೌರ ನಿಲ್ಲಿಸಿದ ಸುದ್ದಿ ಬಂದಾಗ ಆ ಪದ ಬಾಯಿಗೆ ಬರುವುದೇ ಇಲ್ಲ; ಅಲ್ಲಿ ‘ಬಹಿಷ್ಕಾರ ಹಾಕಿದ್ದಾರೆ’. ಮಾಡುವುದು ಬಾಯ್ಕಾಟ್, ಹಾಕುವುದು ಬಹಿಷ್ಕಾರ.

ಕಾನೂನು ಈ ಎರಡನ್ನು ಬಿಡಿಸಿ ನೋಡಲು ಬಹಳ ಹೆಣಗಿದೆ. ಬಾಯ್ಕಾಟನ್ನು ಮಟ್ಟಹಾಕಲು ಬ್ರಿಟಿಷ್ ಸರ್ಕಾರ 1887ರಲ್ಲಿ ಐರ್ಲೆಂಡಿಗಾಗಿಯೇ ಅಪರಾಧ ಕಾಯ್ದೆ ತಂದಿತು. ಮುಂಬಯಿ ಪ್ರಾಂತ್ಯ 1949ರಲ್ಲಿ ಸಮುದಾಯಗಳು ತಮ್ಮ ಸದಸ್ಯರನ್ನು ಬಹಿಷ್ಕರಿಸುವುದನ್ನು ನಿಷೇಧಿಸಿತು. ಧಾರ್ಮಿಕ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು 1962ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮಹಾರಾಷ್ಟ್ರ 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಪ್ರತ್ಯೇಕ ಕಾಯ್ದೆ ಮಾಡಿತು. ಇಡೀ ದೇಶಕ್ಕೆ ಅನ್ವಯಿಸುವುದು ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ. ಎಲ್ಲರೊಂದಿಗೆ ನಡೆಸುವ ವ್ಯವಹಾರವನ್ನು ಇವರೊಂದಿಗೆ ಮಾತ್ರ ನಿರಾಕರಿಸುವುದು, ಕೂಲಿಗೆ ಕರೆಯದಿರುವುದು, ರೂಢಿಯ ಸೇವೆ ಕೊಡದಿರುವುದು, ಒಂಟಿ ಮಾಡುವುದು ಇವೆಲ್ಲ ಅದರಲ್ಲಿ ಶಿಕ್ಷಾರ್ಹ. ತೊಡಕು ಇರುವುದು ಸಾಕ್ಷ್ಯದಲ್ಲಿ. ಹೊಡೆದರೆ ಗಾಯ ತೋರಿಸಬಹುದು. ಅಂಗಡಿಯವನು ಅಕ್ಕಿ ಮುಗಿದಿದೆ ಎಂದ, ಟ್ರ್ಯಾಕ್ಟರಿನವನು ಪುರುಸೊತ್ತಿಲ್ಲ ಎಂದ, ಎದುರು ಸಿಕ್ಕವರು ಬೇರೆ ಕಡೆ ನೋಡುತ್ತಾ ಹೋದರು ಎಂಬುದನ್ನು ಠಾಣೆಯಲ್ಲಿ ದೂರಾಗಿ ಬರೆಸುವುದು ಸುಲಭವಲ್ಲ, ಸಾಕ್ಷಿ ಹೇಳಲು ಅದೇ ಊರಿನವರೇ ಬರಬೇಕು.